ಒಂದೇ ಬಿಲದಲ್ಲಿ 43 ವರ್ಷ

ಪಶ್ಚಿಮ ಆಸ್ಟ್ರೇಲಿಯಾದ ಟ್ಯಾಮಿನ್ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ. ಆ ಸೀಮೆಯಲ್ಲಿ ನೇಗಿಲ ಬಾಯಿಗೆ ಬೀಳದೆ ಉಳಿದ ಕುರುಚಲು ಕಾಡಿನ ತುಂಡುಗಳಲ್ಲಿ ನಾರ್ತ್ ಬಂಗಲ್ಲಾ ಮೀಸಲು ಪ್ರದೇಶವೂ ಒಂದು. ದಾಖಲೆಯಲ್ಲಿರುವ ಜೇಡಗಳಲ್ಲೆಲ್ಲ ಹೆಚ್ಚು ಕಾಲ ಬದುಕಿದ ಜೇಡ ಬಾಳಿದ್ದು ಇಲ್ಲೇ. ಅದನ್ನು ಗುರುತಿಸುತ್ತಿದ್ದುದು 16 ಎಂಬ ಸಂಖ್ಯೆಯಿಂದ.

ಗಯಸ್ ವಿಲೋಸಸ್ ಎಂಬ ಈ ಜಾತಿ ನೆಲ ಕೊರೆದು ಒಳಗೋಡೆಗೆ ನೂಲು ಹೊದಿಸುತ್ತದೆ. ಬಿಲದ ಬಾಯಿಗೆ ಮಣ್ಣು, ನೂಲು ಸೇರಿಸಿ ಮಾಡಿದ ಮುಚ್ಚಳ. ಅದಕ್ಕೆ ನೂಲಿನದೇ ಬಿಜಾಗರಿ. ಬಾಯಿಯ ಸುತ್ತ ಒಣಕಡ್ಡಿಗಳನ್ನು ಬೀಸಣಿಗೆಯ ಹಾಗೆ ಹರಡಿ ಅಂಟಿಸಿರುತ್ತದೆ. ರಾತ್ರಿ ಮುಚ್ಚಳದ ಅಡಿಯಲ್ಲಿ ಹೊಂಚು ಹಾಕಿ ಕೂತಿರುವಾಗ ಇರುವೆಯೊಂದು ಕಡ್ಡಿ ತುಳಿದರೂ ಸಾಕು, ಆ ಅದುರು ಕಾಲಿಗೆ ತಿಳಿದುಬಿಡುತ್ತದೆ. ಮುಚ್ಚಳ ಎದ್ದು ಬೀಳುವಷ್ಟರಲ್ಲಿ ಇರುವೆ ಒಳಗೆ! ಇದಕ್ಕೆಲ್ಲ ಕಡ್ಡಿ ಬೇಕು, ಕಡ್ಡಿ ಉದುರಲು ಮೇಲೆ ಗಿಡ ಬೇಕು.

ಅದೇ ಗೋಧಿ ಸೀಮೆಯಲ್ಲಿ ಬೆಳೆದ ಜೇಡತಜ್ಞೆ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ಇಲ್ಲಿನ ಬಿಲಗಳ ಪಕ್ಕ ಸಂಖ್ಯೆಯ ಗೂಟ ನೆಡತೊಡಗಿದರು. ಗಂಡು ಪ್ರಾಯಕ್ಕೆ ಬಂದ ಮೇಲೆ ಬಿಲ ಬಿಟ್ಟು ಹೆಣ್ಣನ್ನು ಹುಡುಕಿ ಹೊರಡುತ್ತದೆ, ಹೆಚ್ಚು ದಿನ ಉಳಿಯುವುದಿಲ್ಲ. ಹೆಣ್ಣು ಮಾತ್ರ ಮರಿಯಾಗಿದ್ದಾಗ ತೋಡಿದ ಬಿಲವನ್ನೇ ಅಗಲ ಮಾಡಿಕೊಳ್ಳುತ್ತ ಸಾಯುವ ತನಕ ಅಲ್ಲೇ ಇರುತ್ತದೆ. ಖಾಲಿಯಾದ ಬಿಲಕ್ಕೆ ಇನ್ನೊಂದು ಬಂದು ಸೇರುವುದೂ ಇಲ್ಲ. ಹಾಗಾಗಿ ಗೂಟದ ಪಕ್ಕದ ಬಿಲ ಸುಸ್ಥಿತಿಯಲ್ಲಿದ್ದರೆ ಒಳಗಿರುವುದು ಅದೇ ಜೇಡ ಎಂದು ಧೈರ್ಯವಾಗಿ ಹೇಳಬಹುದಿತ್ತು. ಮೇನ್ ಎಂಬತ್ತು ದಾಟಿದ ಮೇಲೂ ಈ ಕೆಲಸ ಬಿಡಲಿಲ್ಲ; ಆಮೇಲೆ ಸಂಶೋಧಕಿ ಲಿಯಾಂಡಾ ಮೇಸನ್ ಮುಂದುವರಿಸಿದರು. ಒಂದೇ ಜಾಗಕ್ಕೆ ದಶಕಗಟ್ಟಲೆ ಮರಳಿ ಹೋಗುವ ಇಂಥ ತಾಳ್ಮೆಯ ವಿಜ್ಞಾನಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಎರಡು ಮೂರು ವರ್ಷದ ಅನುದಾನ ನೆಚ್ಚಿಕೊಂಡ ಸಂಶೋಧನೆಗೆ ಇದು ದಕ್ಕುವಂಥದ್ದಲ್ಲ.

2016ರ ಅಕ್ಟೋಬರ್‌ನಲ್ಲಿ 16ನೇ ಬಿಲದ ಮುಚ್ಚಳ ತೂತಾಗಿತ್ತು, ಬಿಲ ಹಾಳುಬಿದ್ದಿತ್ತು. ಪರಾವಲಂಬಿ ಕಣಜವೊಂದು ಹೊಕ್ಕ ಗುರುತು ಅದು. ಆಗ ಜೇಡಕ್ಕೆ 43 ವರ್ಷ. ಅದಕ್ಕೂ ಮುಂಚಿನ ದಾಖಲೆ ಮೆಕ್ಸಿಕೋದ ಟರಾಂಟುಲಾ ಒಂದರದು, 28 ವರ್ಷ. 2018ರಲ್ಲಿ ಈ ಸುದ್ದಿ ಪ್ರಕಟವಾಯಿತು. ಮರುವರ್ಷ ಮೇನ್ ತೀರಿಕೊಂಡರು.

ವಯಸ್ಸಿನ ದಾಖಲೆಗಿಂತ ನನ್ನನ್ನು ಕಾಡುವುದು ಆ ಕಾಡಿನ ತುಂಡು. ಮರಿಗಳು ತಾಯಿಯ ಬಿಲದಿಂದ ನಡೆದುಕೊಂಡೇ ಹೋಗಿ ಆಸುಪಾಸಿನಲ್ಲೇ ನೆಲೆ ಹುಡುಕಬೇಕು. ಅಲ್ಲೊಮ್ಮೆ ಟ್ರ್ಯಾಕ್ಟರ್ ಓಡಿದರೆ ಹಳೆಯ ಹೆಣ್ಣುಗಳೆಲ್ಲ ಒಂದೇ ದಿನದಲ್ಲಿ ಇಲ್ಲವಾಗುತ್ತವೆ. ಹೊಲಗಳಾಚೆಯ ಇನ್ನೊಂದು ಕಾಡಿನಿಂದ ಮರಿಗಳು ನಡೆದು ಬಂದು ಆ ಜಾಗ ತುಂಬುವುದು ಆಗದ ಮಾತು.