ಇಳಿಜಾರಿನಲ್ಲಿ ಸಣ್ಣ ಟ್ರ್ಯಾಕ್ಟರ್: ಮಗುಚದಂತೆ ಸಜ್ಜುಗೊಳಿಸುವುದು ಹೇಗೆ?

ಮಲೆನಾಡಿನ ಅಡಿಕೆ ಹಾಗೂ ಕಾಫಿ ತೋಟಗಳಲ್ಲಿ ಕೂಲಿಯಾಳುಗಳ ಅಭಾವ ತೀವ್ರವಾದಂತೆಲ್ಲ ಸಣ್ಣ ಟ್ರ್ಯಾಕ್ಟರ್‌ಗಳ ಬಳಕೆ ಹೆಚ್ಚಿದೆ. ಹದಿನೈದರಿಂದ ಇಪ್ಪತ್ತೆಂಟು ಅಶ್ವಶಕ್ತಿಯ ಈ ಯಂತ್ರಗಳು ಗೊಬ್ಬರ ಹೊರುತ್ತವೆ, ಕಳೆ ಕತ್ತರಿಸುತ್ತವೆ, ಔಷಧಿ ಸಿಂಪಡಿಸುವ ಪಂಪಿಗೆ ಶಕ್ತಿ ಒದಗಿಸುತ್ತವೆ. ಸಾಲುಗಳ ನಡುವೆ ನುಸುಳಬಲ್ಲ ಕಿರಿದಾದ ಮೈಕಟ್ಟೇ ಇವುಗಳ ಹೆಗ್ಗಳಿಕೆ. ಆದರೆ ಸಮತಟ್ಟಾದ ನೆಲದಲ್ಲಿ ಗುಣವೆನಿಸುವ ಈ ಕಿರಿದುತನವೇ ಸಹ್ಯಾದ್ರಿಯ ಇಳಿಜಾರಿನಲ್ಲಿ ದೋಷವಾಗಿ ಪರಿಣಮಿಸುತ್ತದೆ. ಟ್ರ್ಯಾಕ್ಟರ್ ಮಗುಚಿದಾಗ ಅದರ ಅಡಿಗೆ ಸಿಲುಕುವವನು ಚಾಲಕನೇ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಯಂತ್ರವನ್ನು ಗುಡ್ಡಕ್ಕೆ ಹತ್ತಿಸುವ ಬದಲು, ಅದನ್ನು ಇಳಿಜಾರಿಗೆ ತಕ್ಕಂತೆ ಸಜ್ಜುಗೊಳಿಸಿಕೊಳ್ಳುವುದು ಅವಶ್ಯಕ.

ಮಗುಚುವುದೇಕೆ?

ಯಾವುದೇ ವಸ್ತುವಿನ ಒಟ್ಟು ಭಾರ ಒಂದೇ ಬಿಂದುವಿನಲ್ಲಿ ನೆಲೆಸಿದೆ ಎಂದು ಭಾವಿಸಬಹುದು. ಅದನ್ನೇ ಗುರುತ್ವ ಕೇಂದ್ರ ಎನ್ನುತ್ತಾರೆ. ಈ ಬಿಂದುವಿನಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡಿನ ದಾರ ಚಕ್ರಗಳ ಒಳಗೆ ಬೀಳುವವರೆಗೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಹೊರಗೆ ಬಿದ್ದ ಕ್ಷಣ ಉರುಳುತ್ತದೆ. ಆದ್ದರಿಂದ ಸ್ಥಿರತೆಯನ್ನು ನಿರ್ಧರಿಸುವ ಅಂಶಗಳು ಎರಡು: ಚಕ್ರಗಳ ನಡುವಣ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರ.

ಒಂದು ಉದಾಹರಣೆ ನೋಡಬಹುದು. ಹಿಂದಿನ ಚಕ್ರಗಳ ಅಂತರ 90 ಸೆಂ.ಮೀ., ತೂಕ 800 ಕಿಲೋ, ಗುರುತ್ವ ಕೇಂದ್ರದ ಎತ್ತರ 60 ಸೆಂ.ಮೀ. ಇರುವ ಟ್ರ್ಯಾಕ್ಟರ್, ನಿಶ್ಚಲ ಸ್ಥಿತಿಯಲ್ಲಿ ಸುಮಾರು 37 ಡಿಗ್ರಿ ಪಕ್ಕಕ್ಕೆ ವಾಲಿದಾಗ ಮಗುಚುತ್ತದೆ. ಇಷ್ಟು ದೊಡ್ಡ ಮಿತಿಯಿರುವಾಗ 15 ಡಿಗ್ರಿಯ ಇಳಿಜಾರಿನಲ್ಲಿ ಭಯವೇಕೆ ಎಂಬ ಪ್ರಶ್ನೆ ಸಹಜ. ಉತ್ತರ ತೋಟದ ನೆಲದಲ್ಲಿದೆ. ಮೇಲ್ಬದಿಯ ಚಕ್ರ 15 ಸೆಂ.ಮೀ. ಎತ್ತರದ ಕಲ್ಲನ್ನೋ ಬೊಡ್ಡೆಯನ್ನೋ ಏರಿದ ಹೊತ್ತಿನಲ್ಲಿಯೇ ಕೆಳಬದಿಯ ಚಕ್ರ ಅಷ್ಟೇ ಆಳದ ಗುಂಡಿಗೆ ಇಳಿದರೆ, ಯಂತ್ರ ಮತ್ತೆ 19 ಡಿಗ್ರಿಗೂ ಹೆಚ್ಚು ವಾಲುತ್ತದೆ. ಅಲ್ಲಿಗೆ ಒಟ್ಟು ವಾಲಿಕೆ 34 ಡಿಗ್ರಿ ದಾಟಿತು. ಕಾಫಿ ತೋಟದ ತೊಟ್ಟಿಲು ಗುಂಡಿ, ಅಡಿಕೆ ತೋಟದ ಬಸಿಗಾಲುವೆ, ಹುಲ್ಲಿನಡಿಯ ಹುತ್ತ ಇವೆಲ್ಲ ಕಣ್ಣಿಗೆ ಬೀಳದೆಯೇ ಈ ಲೆಕ್ಕವನ್ನು ಕೆಡಿಸುತ್ತವೆ.

ಇದಲ್ಲದೆ ಇನ್ನೊಂದು ಸೂಕ್ಷ್ಮವಿದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಗೂಟದ ಮೇಲೆ ತೂಗಾಡುವಂತೆ ಜೋಡಣೆಯಾಗಿರುತ್ತದೆ. ಏರುತಗ್ಗಿನಲ್ಲಿ ನಾಲ್ಕೂ ಚಕ್ರಗಳು ನೆಲಕ್ಕೆ ತಾಗಿರಲೆಂದು ಈ ಏರ್ಪಾಡು. ಹೀಗಾಗಿ ಟ್ರ್ಯಾಕ್ಟರ್ ನಾಲ್ಕು ಕಾಲಿನ ಮೇಜಿನಂತೆ ಕಂಡರೂ, ವಾಲಲು ತೊಡಗಿದಾಗ ವರ್ತಿಸುವುದು ಮೂರು ಕಾಲಿನ ಪೀಠದಂತೆ. ಮುಂದಿನ ಅಚ್ಚು ತನ್ನ ತಡೆಗೆ ತಾಗುವವರೆಗೂ ಮುಂದಿನ ಚಕ್ರಗಳು ದೇಹವನ್ನು ಪಕ್ಕದಿಂದ ಆನಿಸುವುದಿಲ್ಲ. ಆದ್ದರಿಂದ ಯಂತ್ರ ಮಗುಚಲು ತೊಡಗುವ ಕೋನ ಮೇಲಿನ ಲೆಕ್ಕಕ್ಕಿಂತಲೂ ಕಡಿಮೆಯೇ ಇರುತ್ತದೆ.

ಮೊದಲ ಕೆಲಸ: ಚಕ್ರದ ಅಗಲ

ಖರ್ಚಿಲ್ಲದೆ ಹೆಚ್ಚಿನ ಫಲ ನೀಡುವ ಮಾರ್ಪಾಡು ಹಿಂದಿನ ಚಕ್ರಗಳ ಅಂತರವನ್ನು ಹೆಚ್ಚಿಸುವುದು. ಬಹುತೇಕ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಚಕ್ರದ ತಟ್ಟೆಯನ್ನು ಒಳಹೊರಗು ಮಾಡಿ ಜೋಡಿಸಲು ಅವಕಾಶವಿರುತ್ತದೆ. ತಟ್ಟೆಯನ್ನು ತಿರುಗಿಸಿದಾಗ ಟೈರಿನ ಹಲ್ಲುಗಳ ದಿಕ್ಕೂ ಹಿಂದುಮುಂದಾಗುವುದರಿಂದ ಎಡಚಕ್ರವನ್ನು ಬಲಕ್ಕೂ ಬಲಚಕ್ರವನ್ನು ಎಡಕ್ಕೂ ಬದಲಾಯಿಸಬೇಕು. ಬೋಲ್ಟುಗಳನ್ನು ಕೆಲವು ಗಂಟೆಗಳ ಕೆಲಸದ ನಂತರ ಮತ್ತೊಮ್ಮೆ ಬಿಗಿಗೊಳಿಸುವುದನ್ನು ಮರೆಯಬಾರದು. ಮೇಲಿನ ಉದಾಹರಣೆಯ ಟ್ರ್ಯಾಕ್ಟರಿನಲ್ಲಿ ಅಂತರವನ್ನು 90ರಿಂದ 110 ಸೆಂ.ಮೀ.ಗೆ ಏರಿಸಿದರೆ ಲೆಕ್ಕದ ಮಿತಿ 37ರಿಂದ 42 ಡಿಗ್ರಿ ದಾಟುತ್ತದೆ. ಅದೇ ಕಲ್ಲು, ಅದೇ ಗುಂಡಿ ಉಂಟುಮಾಡುವ ವಾಲಿಕೆಯೂ 19ರಿಂದ 16 ಡಿಗ್ರಿಗೆ ಇಳಿಯುತ್ತದೆ. ಲಾಭ ಎರಡೂ ಕಡೆಯಿಂದ.

ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿಗೆ 9 ಅಡಿ, ಅಂದರೆ ಸುಮಾರು 2.7 ಮೀಟರ್ ಅಂತರದಲ್ಲಿ ನೆಡಲಾಗುತ್ತದೆ. ಸಾಲಿನ ನಡುವೆ ಬಸಿಗಾಲುವೆ ಅಥವಾ ಬಾಳೆ, ಕೋಕೋದಂತಹ ಉಪಬೆಳೆ ಇಲ್ಲದಿದ್ದಲ್ಲಿ ಹತ್ತಿಪ್ಪತ್ತು ಸೆಂಟಿಮೀಟರಿನ ಹೆಚ್ಚುವರಿ ಅಗಲ ಅಡ್ಡಿಯಾಗದು. ಉಪಬೆಳೆ ಇರುವ ತೋಟದಲ್ಲಿ ಮಾತ್ರ ಕೃಷಿಕ ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ: ಕಿರಿದಾದ ಯಂತ್ರವನ್ನು ಸಮತಟ್ಟು ಭಾಗಕ್ಕೆ ಸೀಮಿತಗೊಳಿಸುವುದು, ಇಲ್ಲವೇ ಅಗಲ ಹೆಚ್ಚಿಸಿ ಕೆಲವು ಸಾಲುಗಳನ್ನು ಕೈಬಿಡುವುದು. ಅಚ್ಚು ಮತ್ತು ಚಕ್ರದ ನಡುವೆ ಹೆಚ್ಚುವರಿ ಬಿಲ್ಲೆಗಳನ್ನು ಕೂರಿಸುವವರೂ ಇದ್ದಾರೆ. ಇವು ಬೇರಿಂಗಿನ ಮೇಲಿನ ಹೊರೆಯನ್ನು ಹೆಚ್ಚಿಸುವುದರಿಂದ ತಯಾರಕರು ಒಪ್ಪಿದ ಅಳತೆಯನ್ನು ಮೀರಬಾರದು. ಫೋರ್‌ವೀಲ್ ಡ್ರೈವ್ ಇರುವ ಟ್ರ್ಯಾಕ್ಟರಿನ ಮುಂಚಕ್ರಗಳ ಅಂತರವನ್ನು ಕೈಪಿಡಿಯಲ್ಲಿ ಅನುಮತಿಯಿದ್ದರೆ ಮಾತ್ರ ಬದಲಾಯಿಸಬೇಕು.

ಭಾರ ಕೆಳಗಿರಲಿ

ತೂಕ ಹೆಚ್ಚಿದ್ದರೆ ಯಂತ್ರ ಭದ್ರ ಎಂಬ ನಂಬಿಕೆ ಅರ್ಧ ಸತ್ಯ. ಭಾರ ಎಲ್ಲಿದೆ ಎಂಬುದೇ ಮುಖ್ಯ. ಹಿಂದಿನ ಟೈರುಗಳಿಗೆ ನೀರು ತುಂಬಿಸುವುದು ಹಳೆಯ, ಅಗ್ಗದ ಉಪಾಯ. ಗಾಳಿ ತುಂಬುವ ಕವಾಟ ಮೇಲಕ್ಕೆ ಬರುವಂತೆ ಚಕ್ರವನ್ನು ನಿಲ್ಲಿಸಿ, ನೀರು ಆ ಮಟ್ಟ ತಲುಪುವವರೆಗೆ ತುಂಬಿದರೆ ಟೈರಿನ ಸುಮಾರು ಮುಕ್ಕಾಲು ಭಾಗ ನೀರಾಗುತ್ತದೆ; ಉಳಿದ ಭಾಗಕ್ಕೆ ಗಾಳಿ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮ್ಮ ಹವೆಗೆ ಅದು ಬೇಡ. ಉಪ್ಪು ರಿಮ್ಮನ್ನು ತಿನ್ನುತ್ತದೆ. ಎರಡು ಟೈರುಗಳಲ್ಲಿ ಸೇರಿ 120 ಲೀಟರ್ ನೀರು ಹಿಡಿಯಿತೆಂದರೆ, 120 ಕಿಲೋ ಭಾರ ನೆಲಕ್ಕೆ ಹತ್ತಿರದಲ್ಲಿ ಸೇರಿದಂತಾಯಿತು. ಉದಾಹರಣೆಯ ಟ್ರ್ಯಾಕ್ಟರಿನ ಗುರುತ್ವ ಕೇಂದ್ರ ಇದರಿಂದ 60ರಿಂದ ಸುಮಾರು 57 ಸೆಂ.ಮೀ.ಗೆ ಇಳಿಯುತ್ತದೆ. ಅಗಲವನ್ನೂ 110 ಸೆಂ.ಮೀ. ಮಾಡಿದ್ದರೆ ಲೆಕ್ಕದ ಮಿತಿ 44 ಡಿಗ್ರಿಗೆ ಏರುತ್ತದೆ. ಚಕ್ರಗಳಿಗೆ ಜೋಡಿಸುವ ಎರಕದ ಕಬ್ಬಿಣದ ತೂಕಗಳಿಂದಲೂ ಇದೇ ಬಗೆಯ ಫಲ ದೊರೆಯುತ್ತದೆ.

ಇದಕ್ಕೆ ತದ್ವಿರುದ್ಧವಾದುದು ಔಷಧಿಯ ಡ್ರಮ್. ಮಳೆಗಾಲಕ್ಕೆ ಮುನ್ನ ಕೊಳೆರೋಗದ ಸಿಂಪಡಣೆಗಾಗಿ 200 ಲೀಟರ್ ಬೋರ್ಡೋ ದ್ರಾವಣವನ್ನು ಟ್ರ್ಯಾಕ್ಟರಿನ ಹಿಂಬದಿಯ ಎತ್ತರದ ಚೌಕಟ್ಟಿನಲ್ಲಿ ಇಡುವುದುಂಟು. ಡ್ರಮ್ಮಿನ ಭಾರ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದ್ದರೆ ಇಡೀ ಯಂತ್ರದ ಗುರುತ್ವ ಕೇಂದ್ರ 60ರಿಂದ 72 ಸೆಂ.ಮೀ.ಗೆ ಏರಿ, 37 ಡಿಗ್ರಿಯ ಮಿತಿ 32ಕ್ಕೆ ಕುಸಿಯುತ್ತದೆ. 15 ಡಿಗ್ರಿಯ ಇಳಿಜಾರಿನಲ್ಲಿ ಆ ಕಲ್ಲು ಮತ್ತು ಗುಂಡಿ ಒಟ್ಟಿಗೆ ಎದುರಾದರೆ ಉರುಳುವುದು ಖಚಿತ. ಡ್ರಮ್ ಅರ್ಧ ಖಾಲಿಯಾದಾಗ ಒಳಗಿನ ದ್ರಾವಣ ಕೆಳಬದಿಗೆ ನುಗ್ಗುವುದು ಇನ್ನೊಂದು ಅಪಾಯ. ಡ್ರಮ್ಮನ್ನು ಸಮತಟ್ಟಾದ ಜಾಗದಲ್ಲಿರಿಸಿ, ಉದ್ದದ ಪೈಪಿನ ಮೂಲಕ ಸಿಂಪಡಿಸುವುದೇ ಲೇಸು. ಮುಂಬದಿಯ ಬಕೆಟ್ಟಾಗಲಿ, ಹಿಂಬದಿಯ ಉಪಕರಣವಾಗಲಿ, ಸಂಚರಿಸುವಾಗ ನೆಲಕ್ಕೆ ತಾಗದಷ್ಟು ಮಾತ್ರ ಮೇಲೆತ್ತಿರಬೇಕು. ಮಡ್‌ಗಾರ್ಡಿನ ಮೇಲೆ ಆಳುಗಳನ್ನು ಕೂರಿಸಿಕೊಳ್ಳುವ ರೂಢಿಯನ್ನಂತೂ ಸಂಪೂರ್ಣ ಕೈಬಿಡಬೇಕು.

ಹಿಂದಕ್ಕೆ ಮಗುಚುವ ಅಪಾಯ

ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೂ ಮಗುಚಬಹುದು. ಹಿಂದಿನ ಚಕ್ರಗಳು ತಿರುಗಲಾಗದೆ ನಿಂತಾಗ ಎಂಜಿನ್ನಿನ ಬಲ ಮುಂಭಾಗವನ್ನು ಮೇಲೆತ್ತಲು ತೊಡಗುತ್ತದೆ. ಇದು ಪೂರ್ಣಗೊಳ್ಳಲು ಒಂದೂವರೆ ಸೆಕೆಂಡಿನಷ್ಟು ಕಾಲ ಸಾಕು. ಚಾಲಕ ಎಚ್ಚೆತ್ತು ಕ್ಲಚ್ ಒತ್ತುವಷ್ಟರಲ್ಲಿ ಸಮಯ ಮೀರಿರುತ್ತದೆ. ಮರದ ದಿಮ್ಮಿಯನ್ನೋ ಟ್ರೇಲರನ್ನೋ ಎಳೆಯುವಾಗ ಕೊಂಡಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಹಾಕಬೇಕೆಂಬ ನಿಯಮದ ಹಿಂದಿರುವ ಕಾರಣ ಇದೇ. ಅಚ್ಚಿಗೋ ಮೇಲಿನ ಕೊಂಡಿಗೋ ಸರಪಳಿ ಬಿಗಿದರೆ ಎಳೆತದ ಬಲವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಕೆಡವುತ್ತದೆ. ಹಿಂದೆ ಭಾರದ ಉಪಕರಣವಿದ್ದರೆ ಮುಂಭಾಗಕ್ಕೂ ತೂಕ ಜೋಡಿಸಬೇಕು. ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿ, ಮುಂದಾಗಿ ಇಳಿಯುವುದು ಸುರಕ್ಷಿತ ಕ್ರಮ.

ಇಳಿಯುವಾಗ ಯಂತ್ರದ ಭಾರ ಮುಂದಿನ ಚಕ್ರಗಳ ಕಡೆಗೆ ಸರಿಯುತ್ತದೆ. ಆದರೆ ಬಹುತೇಕ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಭಾರ ತಗ್ಗಿದ ಹಿಂಚಕ್ರ ಒದ್ದೆ ಮಣ್ಣಿನಲ್ಲಿ ಬ್ರೇಕ್ ಹಿಡಿದರೂ ಜಾರುತ್ತದೆ. ಫೋರ್‌ವೀಲ್ ಡ್ರೈವ್ ಹಾಕಿದ್ದರೆ ಮುಂಚಕ್ರಗಳೂ ಎಂಜಿನ್ನಿನ ಹಿಡಿತಕ್ಕೆ ಬರುತ್ತವೆ. ಆದ್ದರಿಂದ ಅದನ್ನು ಏರಿಗೆ ಮಾತ್ರವಲ್ಲದೆ ಇಳಿತಕ್ಕೂ ಬಳಸಬೇಕು. ಇಳಿಯುವ ಮುನ್ನವೇ ಕೆಳಗಿನ ಗೇರು ಹಾಕಿಕೊಳ್ಳಬೇಕು, ನಡುದಾರಿಯಲ್ಲಿ ಕ್ಲಚ್ ಒತ್ತಬಾರದು. ಎಡ ಮತ್ತು ಬಲದ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಒಂದುಗೂಡಿಸಿರಬೇಕು. ಒಂದೇ ಬದಿಯ ಬ್ರೇಕ್ ಬಿದ್ದರೆ ಯಂತ್ರ ಅಡ್ಡಡ್ಡ ತಿರುಗುತ್ತದೆ. ತಿರುವಿನಲ್ಲಿ ವೇಗ ಇಮ್ಮಡಿಯಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ರಕ್ಷಣಾ ಚೌಕಟ್ಟು

ಇಷ್ಟೆಲ್ಲ ಎಚ್ಚರ ವಹಿಸಿದರೂ ಯಂತ್ರ ಮಗುಚಬಹುದು. ಆಗ ಜೀವ ಉಳಿಸುವುದು ಸೀಟಿನ ಹಿಂಬದಿಯ ಉಕ್ಕಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರ್‌ಗಳಿಗೆ ಇಂತಹ ರಕ್ಷಣೆಯನ್ನು ಕಡ್ಡಾಯಗೊಳಿಸಿತು; ನಂತರದ ದಶಕಗಳಲ್ಲಿ ಅಲ್ಲಿ ಮಗುಚುವಿಕೆಯಿಂದಾಗುವ ಸಾವುಗಳು ಗಣನೀಯವಾಗಿ ಇಳಿದವು. ನಮ್ಮ ತೋಟಗಳಲ್ಲಿ ತಗ್ಗು ಕೊಂಬೆಗಳಿಗೆ ತಾಗುತ್ತದೆಂದು ಈ ಚೌಕಟ್ಟನ್ನು ಬಿಚ್ಚಿಡುವವರಿದ್ದಾರೆ. ಮಡಚಬಹುದಾದ ಚೌಕಟ್ಟನ್ನು ಆರಿಸಿಕೊಂಡು, ಸಮತಟ್ಟಿನಲ್ಲಿ ಅಗತ್ಯವಿದ್ದಷ್ಟು ದೂರ ಮಾತ್ರ ಮಡಚಿ, ಇಳಿಜಾರಿಗೆ ಬರುವ ಮುನ್ನ ಮತ್ತೆ ಎತ್ತಿ ನಿಲ್ಲಿಸುವುದು ಸರಿಯಾದ ಮಾರ್ಗ. ಚೌಕಟ್ಟು ನಿಂತಿರುವಾಗ ಬೆಲ್ಟ್ ಕಡ್ಡಾಯ. ಇಲ್ಲವಾದಲ್ಲಿ ಚಾಲಕ ಹೊರಕ್ಕೆಸೆಯಲ್ಪಟ್ಟು ಅದೇ ಚೌಕಟ್ಟಿನ ಅಡಿಗೆ ಸಿಲುಕಬಹುದು. ಚೌಕಟ್ಟು ಮಡಚಿರುವಾಗ ಅಥವಾ ಇಲ್ಲದಿರುವಾಗ ಬೆಲ್ಟ್ ಧರಿಸಬಾರದು.

ಇಳಿಜಾರನ್ನು ಅಳೆಯುವ ಬಗೆ

ಕಣ್ಣಂದಾಜು ಇಲ್ಲಿ ಸಲ್ಲದು. ಒಂದು ಮೀಟರ್ ಉದ್ದದ ನೇರ ಪಟ್ಟಿ, ಗಾರೆಯವರು ಬಳಸುವ ರಸಮಟ್ಟ ಮತ್ತು ಅಳತೆಪಟ್ಟಿ ಇದ್ದರೆ ಸಾಕು. ಪಟ್ಟಿಯ ಒಂದು ತುದಿಯನ್ನು ಮೇಲ್ಬದಿಯ ನೆಲಕ್ಕೆ ತಾಗಿಸಿ, ರಸಮಟ್ಟ ಸಮ ತೋರುವಂತೆ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕಿರುವ ಅಂತರ ಅಳೆಯಬೇಕು. ಅದು 18 ಸೆಂ.ಮೀ. ಇದ್ದರೆ ಇಳಿಜಾರು ಸುಮಾರು 10 ಡಿಗ್ರಿ, 27 ಇದ್ದರೆ 15 ಡಿಗ್ರಿ, 36 ಇದ್ದರೆ 20 ಡಿಗ್ರಿ. ತಯಾರಕರ ಕೈಪಿಡಿ ಇದಕ್ಕಿಂತ ಕಡಿಮೆ ಮಿತಿಯನ್ನು ಹೇಳದಿದ್ದಲ್ಲಿ, 15 ಡಿಗ್ರಿಯನ್ನು ಗಡಿಯೆಂದು ಇಟ್ಟುಕೊಂಡು, ಅದನ್ನು ಮೀರಿದ ಕಡೆ ಅಡ್ಡಲಾಗಿ ಚಲಿಸದಿರುವುದು ವಿವೇಕ. ಮಳೆ ಬಿದ್ದ ನೆಲದಲ್ಲಿ ಈ ಗಡಿಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬೇಕು. ಬೇಸಗೆಯಲ್ಲಿ ಒಮ್ಮೆ ತೋಟದುದ್ದಕ್ಕೂ ಅಳೆದು, ಮಿತಿ ಮೀರಿದ ಜಾಗದ ಮರಗಳಿಗೆ ಸುಣ್ಣದ ಪಟ್ಟೆ ಬಳಿದಿಟ್ಟರೆ ಬಾಡಿಗೆಗೆ ಬಂದ ಚಾಲಕನಿಗೂ ಎಚ್ಚರಿಕೆ ಸಿಗುತ್ತದೆ. ಬಾಡಿಗೆ ಯಂತ್ರವಾಗಿದ್ದರೆ ಚಕ್ರದ ಅಂತರ, ಟೈರಿನ ಗಾಳಿ, ಬ್ರೇಕಿನ ಕೊಂಡಿ ಇವನ್ನು ಕೆಲಸಕ್ಕೆ ಮುನ್ನ ಪರಿಶೀಲಿಸುವ ಹೊಣೆ ತೋಟದ ಯಜಮಾನನದೂ ಹೌದು.

ಪಟ್ಟೆ ಬಳಿದ ಆ ಜಾಗಗಳಲ್ಲಿ ಹೆಗಲ ಮೇಲಿನ ಕಳೆ ಯಂತ್ರವೂ ತಲೆಹೊರೆಯ ಗೊಬ್ಬರವೂ ಮುಂದುವರಿಯುವುದು ಅನಿವಾರ್ಯ. ಅಲ್ಲಿ ಒಂದು ದಿನದ ಕೂಲಿ ಹೆಚ್ಚಾಗಬಹುದು. ಮನೆಗೆ ಮರಳುವವರ ಸಂಖ್ಯೆ ಕಡಿಮೆಯಾಗುವುದಿಲ್ಲ.