ಜೇನುಗೂಡಿನ ಟಾಫಿಗೆ ಅಜ್ಜಿಯ ಪಾಕ

ಶಾಲೆಗೆ ರಜೆ ಸಿಕ್ಕಿತೆಂದರೆ ಮುಂಬಯಿಯ ಪುಟ್ಟ ಫ್ಲ್ಯಾಟುಗಳಲ್ಲಿ ಮಕ್ಕಳನ್ನು ಸುಧಾರಿಸುವುದೇ ತಾಯಂದಿರಿಗೆ ದೊಡ್ಡ ಕೆಲಸ. ಕಳೆದ ಡಿಸೆಂಬರ್ ರಜೆಯಲ್ಲಿ ಏಳನೇ ತರಗತಿಯ ನನ್ನ ಮಗಳು ಜೇನುಗೂಡಿನ ಟಾಫಿ ಮಾಡಬೇಕೆಂದು ಹಠ ಹಿಡಿದಳು.

ಹೆಸರಿನಲ್ಲಿ ಜೇನುಗೂಡಿದ್ದರೂ ಇದು ಸಕ್ಕರೆಯ ತಿನಿಸು. ಮುರಿದಾಗ ಒಳಗೆಲ್ಲ ಗೂಡಿನಂತೆ ತೂತುಗಳು ಕಾಣುವುದರಿಂದ ಈ ಹೆಸರು. ಉತ್ತರ ಇಂಗ್ಲೆಂಡಿನಲ್ಲಿ ಇದನ್ನು ಸಿಂಡರ್ ಟಾಫಿ ಎಂದೂ ನ್ಯೂಜಿಲೆಂಡಿನಲ್ಲಿ ಹೋಕಿ ಪೋಕಿ ಎಂದೂ ಕರೆಯುತ್ತಾರೆ. 1929ರಲ್ಲಿ ಇಂಗ್ಲೆಂಡಿನ ಫ್ರೈ ಕಂಪೆನಿ ಇದಕ್ಕೆ ಚಾಕಲೇಟು ಹೊದಿಸಿ 'ಕ್ರಂಚಿ' ಎಂದು ಮಾರುಕಟ್ಟೆಗೆ ತಂದಿತು. 2021ರಲ್ಲಿ 'ಸ್ಕ್ವಿಡ್ ಗೇಮ್' ಧಾರಾವಾಹಿಯಿಂದ ಜಗತ್ತಿಗೆಲ್ಲ ಪರಿಚಯವಾದ ಕೊರಿಯಾದ ದಲ್ಗೋನಾ ಕೂಡ ಇದೇ ಬಗೆಯದು.

ಬೇಕಾದುದು ಸಕ್ಕರೆ ಮತ್ತು ಅಡುಗೆ ಸೋಡಾ, ಅಷ್ಟೇ ತಾನೇ ಎಂದುಕೊಂಡೆ. ಮೊದಲ ಸಲ ಬೇಗನೆ ಸೋಡಾ ಹಾಕಿದೆ. ನೊರೆ ಉಕ್ಕಿ, ಹಾಗೆಯೇ ಕುಸಿದು, ತಟ್ಟೆಯಲ್ಲಿ ಹಲ್ಲಿಗಂಟುವ ಮುದ್ದೆ ಉಳಿಯಿತು. ಎರಡನೆಯ ಸಲ ಕಾದೂ ಕಾದೂ ಸಕ್ಕರೆ ಕರಟಿ ಕಹಿಯಾಯಿತು. ಮಗಳ ಕಣ್ಣಲ್ಲಿ ನೀರು.

ಆಗ ಊರಿನಿಂದ ಅತ್ತೆ ಬಂದಿದ್ದರು. ಉಡುಪಿ ಕಡೆಯ ನಮ್ಮ ಹಳ್ಳಿಯಲ್ಲಿ ಮದುವೆಯ ಲಾಡಿಗೆ ಪಾಕ ನೋಡಲು ಅವರನ್ನೇ ಕರೆಯುತ್ತಿದ್ದರು. ಇಲ್ಲಿ ಮಾತ್ರ ಐದನೇ ಮಹಡಿಯ ಕಿಟಕಿಯ ಬಳಿ ಕುಳಿತು ದಿನ ದೂಡುತ್ತಿದ್ದರು. ಮೊಮ್ಮಗಳ ಮಾತು ಅರ್ಧ ಹಿಂದಿ. ಅತ್ತೆಗೆ ಹಿಂದಿ ಬಾರದು. ಇಬ್ಬರ ಮಾತುಕತೆ 'ಊಟ ಆಯಿತಾ' ಎಂಬಲ್ಲಿಗೇ ಮುಗಿಯುತ್ತಿತ್ತು.

"ಎಂತ, ಪಾಕ ನೋಡದೆ ಸೋಡಾ ಹಾಕುವುದಾ?" ಎನ್ನುತ್ತಾ ಅತ್ತೆ ಒಳಗೆ ಬಂದರು. "ಪಾಕ ಅಂದ್ರೆ ಏನಜ್ಜಿ?" ಎಂದಳು ಮಗಳು. ಅತ್ತೆ ಬಟ್ಟಲಿನಲ್ಲಿ ತಣ್ಣೀರು ತರಿಸಿದರು. ಲಾಡಿಗೆ ಎಳೆ ಪಾಕ, ನೆಲಗಡಲೆ ಚಿಕ್ಕಿಗೆ ಗಟ್ಟಿ ಪಾಕ ಎಂದು ವಿವರಿಸಿದರು. ನೀರಿಗೆ ಬಿಟ್ಟ ಹನಿ ಮೆತ್ತಗಿದ್ದರೆ ಇನ್ನೂ ಕಾಯಬೇಕು, ಕಟಕ್ಕನೆ ಮುರಿದರೆ ಆಯಿತು. ಪುಸ್ತಕಗಳು ಹೇಳುವ 150 ಡಿಗ್ರಿ ಸೆಲ್ಸಿಯಸ್ ಎಂದರೆ ಇದೇ ಹದ. ಥರ್ಮಾಮೀಟರಿನ ಕೆಲಸವನ್ನು ಒಂದು ಬಟ್ಟಲು ನೀರು ಮಾಡಿತು.

ಕಾರಣ ಸರಳ. ಬಿಸಿಗೆ ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಹೊರಟು ಪಾಕದಲ್ಲಿ ಗುಳ್ಳೆ ಏಳುತ್ತದೆ. ಪಾಕ ಸರಿಯಾಗಿದ್ದರೆ ಆರಿದೊಡನೆ ಗಟ್ಟಿಯಾಗಿ ಗುಳ್ಳೆಗಳನ್ನು ಹಿಡಿದಿಡುತ್ತದೆ. ಎಳೆಯದಾದರೆ ಅವು ಒಡೆದು ಹೋಗುತ್ತವೆ.

ಮಾಡುವ ಕ್ರಮ: ತಟ್ಟೆಗೆ ಎಣ್ಣೆ ಸವರಿದ ಬೆಣ್ಣೆ ಕಾಗದ ಹಾಸಿಡಿ. ದಪ್ಪ ತಳದ ಆಳವಾದ ಪಾತ್ರೆಯಲ್ಲಿ 200 ಗ್ರಾಂ ಸಕ್ಕರೆ, ಕಾಲು ಕಪ್ ಜೇನುತುಪ್ಪ ಅಥವಾ ಲಿಕ್ವಿಡ್ ಗ್ಲೂಕೋಸ್, 3 ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಜೇನು ಅಥವಾ ಗ್ಲೂಕೋಸ್ ಇದ್ದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಕರಗಿದ ಮೇಲೆ ಕದಡಬೇಡಿ. ಪಾಕ ನೋಡುವಾಗ ಉರಿ ಆರಿಸಿ, ಇಲ್ಲವಾದರೆ ಅಷ್ಟರಲ್ಲೇ ಕರಟೀತು. ಹದ ಬಂದಾಗ ಜರಡಿ ಹಿಡಿದ ಒಂದೂವರೆ ಟೀ ಚಮಚ ಅಡುಗೆ ಸೋಡಾ ಹಾಕಿ, ನಾಲ್ಕೈದು ಸಲ ಬೇಗ ತಿರುಗಿಸಿ ತಟ್ಟೆಗೆ ಸುರಿಯಿರಿ. ತಟ್ಟೆಯನ್ನು ಕುಟ್ಟಬೇಡಿ, ಮೇಲೆ ಸಮ ಮಾಡಲೂ ಹೋಗಬೇಡಿ. ಒಂದು ಗಂಟೆ ಬಿಟ್ಟು ಮುರಿಯಿರಿ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಎಚ್ಚರಿಕೆಯೊಂದು ಅಗತ್ಯ. ಈ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಮೇಲಾಗಿ ಚರ್ಮಕ್ಕೆ ಅಂಟುತ್ತದೆ. ಆದ್ದರಿಂದ ಒಲೆಯ ಕೆಲಸ ದೊಡ್ಡವರದೇ. ತಾಗಿದರೆ ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ನಲ್ಲಿಯ ತಣ್ಣೀರಿನಲ್ಲಿ ಹಿಡಿದು, ಗಾಯ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯ ಸಲ ಟಾಫಿ ಹೊಂಬಣ್ಣದಲ್ಲಿ ಉಬ್ಬಿ ನಿಂತಿತು. ಹಲ್ಲಿಲ್ಲದ ಅತ್ತೆ ಒಂದು ಚೂರನ್ನು ಬಾಯಲ್ಲಿಟ್ಟು ಕರಗಿಸಿಕೊಂಡರು. ಮರುದಿನದಿಂದ ಮೊಮ್ಮಗಳು ಲಾಡು, ಬರ್ಫಿ, ಚಿಕ್ಕಿಯ ಪಾಕಗಳನ್ನು ಕೇಳಿ ಕೇಳಿ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡಳು. ತಪ್ಪುಗಳಿದ್ದವು, ನಾವು ತಿದ್ದಲಿಲ್ಲ.

ಅತ್ತೆ ಈಗ ಊರಿನಲ್ಲಿದ್ದಾರೆ. ಜುಲೈಯಲ್ಲಿ ಮಗಳು ಮತ್ತೆ ಟಾಫಿ ಮಾಡಿದಾಗ ಅದು ಸಂಜೆಯೊಳಗೆ ಅಂಟಂಟಾಯಿತು; ಮಳೆಗಾಲದ ಗಾಳಿಯ ತೇವವನ್ನು ಸಕ್ಕರೆ ಬೇಗ ಹೀರುತ್ತದೆ. ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಬೇಕಿತ್ತು. ಅವಳು ಅಜ್ಜಿಗೆ ಫೋನು ಮಾಡಿದಳು. "ಪಾಕ ಸರಿಯೇ ಇದೆ ಮಗಾ, ಮಳೆ ನಿಲ್ಲಲಿ" ಎಂದರು ಅತ್ತೆ. ಆ ಬಳಿಕವೂ ಅಜ್ಜಿ-ಮೊಮ್ಮಗಳ ಮಾತು ಅರ್ಧ ಗಂಟೆ ನಡೆಯಿತು, ಕನ್ನಡದಲ್ಲೇ.