ಬೋಲ್ಟಿನ ತಲೆ, ಸ್ಪ್ಯಾನರಿನ ಬಾಯಿ: ಅಳತೆಗಳ ಏಕೀಕರಣದ ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ಅಭ್ಯಾಸಿಗಳಾದ ನಾವು ಶಾಸನ, ನಾಣ್ಯ, ತಾಳೆಗರಿ, ಸರ್ಕಾರಿ ಕಡತ ಇವುಗಳನ್ನೇ ಆಧಾರಗಳೆಂದು ಎಣಿಸುವುದು ವಾಡಿಕೆಯಾಗಿದೆ. ಆದರೆ ಕಳೆದ ಎರಡು ಶತಮಾನಗಳ ಇತಿಹಾಸವನ್ನು ಅರಿಯಬಯಸುವವರಿಗೆ ಮೋಟಾರು ದುರಸ್ತಿಯ ಅಂಗಡಿಯ ಗೋಡೆಗೆ ತೂಗುಹಾಕಿರುವ ಸ್ಪ್ಯಾನರುಗಳ ಸಾಲೂ ಒಂದು ಆಧಾರವೇ ಸರಿ. ಹಳೆಯ ಅಂಗಡಿಯೊಂದರ ಸಾಲಿನಲ್ಲಿ, ನೋಟಕ್ಕೆ ಒಂದೇ ಗಾತ್ರವೆಂದು ತೋರುವ ಮೂರು ಸ್ಪ್ಯಾನರುಗಳು ಇರುವುದುಂಟು. ಒಂದರ ಮೇಲೆ 13 ಎಂದೂ, ಮತ್ತೊಂದರ ಮೇಲೆ 1/2 ಎಂದೂ, ಮೂರನೆಯದರ ಮೇಲೆ 1/4 ಎಂದೂ ಕೆತ್ತಿರುತ್ತದೆ. ಮೊದಲನೆಯದರ ಬಾಯಿಯ ಅಗಲ 13 ಮಿಲಿಮೀಟರು, ಎರಡನೆಯದರದು 12.70, ಮೂರನೆಯದು 13.34. ಇವುಗಳೊಳಗಿನ ಅಂತರ ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸಿದರೆ ತುಕ್ಕು ಹಿಡಿದ ಬೋಲ್ಟು ಬಿಚ್ಚಿಕೊಳ್ಳುವ ಬದಲು ತನ್ನ ಮೂಲೆಗಳನ್ನು ಕಳೆದುಕೊಳ್ಳುತ್ತದೆ. ಈ ಮೂರು ಅಳತೆಗಳು ಹೇಗೆ ಹುಟ್ಟಿದವು, ಒಂದೇ ಅಂಗಡಿಯಲ್ಲಿ ಹೇಗೆ ಕೂಡಿದವು, ಮತ್ತು ಅವುಗಳಲ್ಲಿ ಸರಿಯಾದುದನ್ನು ಆರಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಷಟ್ಕೋನದ ಗುಣ

ಮೊದಲು ವಿಷಯದ ಯಾಂತ್ರಿಕ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಬೋಲ್ಟಿನ ತಲೆಗೆ ಸಾಮಾನ್ಯವಾಗಿ ಆರು ಮುಖಗಳು, ಆರು ಮೂಲೆಗಳು. ಎದುರುಬದುರಾದ ಎರಡು ಮುಖಗಳ ನಡುವಣ ಅಂತರವೇ ಸ್ಪ್ಯಾನರಿನ ಅಳತೆ. ಎದುರುಬದುರಾದ ಎರಡು ಮೂಲೆಗಳ ಅಂತರವು ಇದಕ್ಕಿಂತ ಶೇಕಡ 15ರಷ್ಟು ಮಾತ್ರ ಹೆಚ್ಚು. ಅಂದರೆ 13 ಮಿಲಿಮೀಟರಿನ ತಲೆಯಲ್ಲಿ ಮೂಲೆಯಿಂದ ಮೂಲೆಗೆ 15 ಮಿಲಿಮೀಟರು. ಒಂದೊಂದು ಬದಿಯಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟು ಚಾಚಿರುವ ಈ ಲೋಹವೇ ಸ್ಪ್ಯಾನರಿಗೆ ಸಿಕ್ಕುವ ಹಿಡಿತವೆಲ್ಲವೂ.

ಬಾಯಿಯು ತಲೆಗಿಂತ ಸ್ವಲ್ಪ ಅಗಲವಾಗಿದ್ದರೆ ಏನಾಗುತ್ತದೆಂಬುದನ್ನು ಸರಳ ರೇಖಾಗಣಿತದಿಂದ ಕಂಡುಕೊಳ್ಳಬಹುದು. 12.70 ಮಿಲಿಮೀಟರಿನ ತಲೆಗೆ 13ರ ಸ್ಪ್ಯಾನರನ್ನು ಹಾಕಿದರೆ, ಹಿಡಿತ ಸಿಕ್ಕುವ ಮುನ್ನ ಅದು ಸುಮಾರು ಎರಡೂವರೆ ಡಿಗ್ರಿಯಷ್ಟು ಬರಿದೇ ತಿರುಗುತ್ತದೆ. 13.34ರ ತಲೆಗೆ 14ರದನ್ನು ಹಾಕಿದರೆ ಈ ಬರಿತಿರುವು ಐದು ಡಿಗ್ರಿಯನ್ನು ಮೀರುತ್ತದೆ. ತಿರುವು ಹೆಚ್ಚಿದಂತೆಲ್ಲ ಒತ್ತಡವು ಮುಖವನ್ನು ಬಿಟ್ಟು ಮೂಲೆಯ ಅಂಚಿಗೆ ಸರಿಯುತ್ತದೆ. ಕೈಯ ಬಲವೆಲ್ಲವೂ ಕೂದಲೆಳೆಯಂಥ ಗೆರೆಯೊಂದರ ಮೇಲೆ ಬಿದ್ದಾಗ ಲೋಹ ನುಗ್ಗಾಗಿ ಮೂಲೆ ಉರುಟಾಗುತ್ತದೆ, ಸ್ಪ್ಯಾನರು ಜಾರುತ್ತದೆ, ಕೆಲಸಗಾರನ ಬೆರಳಗೆಣ್ಣಿನ ಚರ್ಮ ಕಿತ್ತುಬರುತ್ತದೆ. ಬಿಗಿಯಾಗಿರದ ಬೋಲ್ಟಿನಲ್ಲಿ ಈ ದೋಷ ಗೋಚರಿಸುವುದಿಲ್ಲ. ಹಟ ಹಿಡಿದ ಬೋಲ್ಟು ಮಾತ್ರ ಅಳತೆಯ ತಪ್ಪನ್ನು ಬಯಲಿಗೆಳೆಯುತ್ತದೆ.

ವಿಟ್‌ವರ್ತ್ ಮತ್ತು ಸೆಲರ್ಸ್

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಎಳೆಯ ತಿರುಪನ್ನು ಕೊರೆಯುತ್ತಿತ್ತು. ಒಂದು ಕಾರ್ಖಾನೆಯ ಬೋಲ್ಟಿಗೆ ಮತ್ತೊಂದರ ನಟ್ಟು ಹೊಂದುತ್ತಿರಲಿಲ್ಲ. 1800ರ ಸುಮಾರಿಗೆ ಹೆನ್ರಿ ಮಾಡ್‌ಸ್ಲೇ ಎಂಬ ಯಂತ್ರಶಿಲ್ಪಿಯು ತಿರುಪು ಕೊರೆಯುವ ನಿಖರವಾದ ಲೇತನ್ನು ಸಿದ್ಧಗೊಳಿಸಿದಮೇಲೆ ಒಂದೇ ಬಗೆಯ ಎಳೆಯನ್ನು ಮತ್ತೆ ಮತ್ತೆ ಕೊರೆಯುವುದು ಸಾಧ್ಯವಾಯಿತು. ಆತನಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳಿಂದ ಬೋಲ್ಟುಗಳನ್ನು ಕಲೆಹಾಕಿ, ಅವುಗಳ ಅಳತೆಗಳ ಸರಾಸರಿಯನ್ನು ಆಧರಿಸಿ, 55 ಡಿಗ್ರಿ ಕೋನದ ಒಂದು ಎಳೆಯ ಪದ್ಧತಿಯನ್ನು 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಮಂಡಿಸಿದನು. ಆತನು ಹೊಸ ಆದರ್ಶವೊಂದನ್ನು ಕಲ್ಪಿಸಲಿಲ್ಲ; ಬಳಕೆಯಲ್ಲಿದ್ದ ಭಿನ್ನತೆಗಳ ನಡುವೆ ಒಂದು ರಾಜಿಯನ್ನು ಸೂಚಿಸಿದನು. ರೈಲ್ವೆ ಕಾರ್ಖಾನೆಗಳು ಅದನ್ನು ಅಂಗೀಕರಿಸಿದುವು. ಸಾಮ್ರಾಜ್ಯದೊಡನೆ ಅದು ಭಾರತಕ್ಕೂ ಬಂದಿತು.

ಅಮೆರಿಕದಲ್ಲಿ ವಿಲಿಯಂ ಸೆಲರ್ಸ್ ಎಂಬಾತನು 1864ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ಬೇರೊಂದು ಪದ್ಧತಿಯನ್ನು ಮುಂದಿಟ್ಟನು. ವಿಟ್‌ವರ್ತ್ ಎಳೆಯ ದುಂಡಗಿನ ತುದಿಯನ್ನು ಕೊರೆಯುವುದು ಕಷ್ಟಕರ. ಚಪ್ಪಟೆ ತುದಿಯ 60 ಡಿಗ್ರಿಯ ಎಳೆಯನ್ನಾದರೋ ಸಾಧಾರಣ ಕುಶಲಿಯೂ ಮಾಡಬಲ್ಲನೆಂಬುದು ಅವನ ವಾದ. ನಟ್ಟಿನ ಅಗಲಕ್ಕೂ ಅವನು ಒಂದು ಸೂತ್ರವನ್ನು ಕೊಟ್ಟನು: ಬೋಲ್ಟಿನ ವ್ಯಾಸದ ಒಂದೂವರೆಯಷ್ಟಕ್ಕೆ ಅಂಗುಲದ ಎಂಟನೆಯ ಒಂದು ಭಾಗವನ್ನು ಕೂಡಿಸತಕ್ಕದ್ದು. ಈ ಲೆಕ್ಕದಂತೆ ಕಾಲಂಗುಲದ ಬೋಲ್ಟಿಗೆ ಅರ್ಧ ಅಂಗುಲದ ನಟ್ಟು. ಅದೇ ಕಾಲಂಗುಲದ ಬೋಲ್ಟಿಗೆ ವಿಟ್‌ವರ್ತ್ ಪದ್ಧತಿಯಲ್ಲಿ 0.525 ಅಂಗುಲ. ನಮ್ಮ ಗೋಡೆಯ ಎರಡು ಸ್ಪ್ಯಾನರುಗಳ ಭೇದವು ಮೂಲತಃ ಇಂತಹ ಎರಡು ಲೆಕ್ಕಗಳ ಭೇದವೇ.

ಇದರೊಡನೆ ಹೆಸರಿಡುವ ಕ್ರಮದಲ್ಲಿಯೂ ಒಂದು ವ್ಯತ್ಯಾಸ ಬೆಳೆಯಿತು. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕೆತ್ತಿರುವುದು ಬೋಲ್ಟಿನ ದಿಂಡಿನ ವ್ಯಾಸ. ಆಧುನಿಕ ಅಂಗುಲದ ಮತ್ತು ಮೆಟ್ರಿಕ್ ಸ್ಪ್ಯಾನರುಗಳ ಮೇಲೆ ಕೆತ್ತಿರುವುದು ತಲೆಯ ಮುಖಗಳ ಅಂತರ. ಆದುದರಿಂದಲೇ 1/4 ಎಂದು ಕೆತ್ತಿರುವ ಒಂದು ಸ್ಪ್ಯಾನರು 1/2 ಎಂದು ಕೆತ್ತಿರುವ ಮತ್ತೊಂದಕ್ಕಿಂತ ದೊಡ್ಡದಾಗಿರುವ ವಿಚಿತ್ರವನ್ನು ನಾವು ಕಾಣುತ್ತೇವೆ. ಹಲವು ಇಂಗ್ಲಿಷ್ ಸ್ಪ್ಯಾನರುಗಳ ಮೇಲೆ ಎರಡು ಸಂಖ್ಯೆಗಳಿರುವುದಕ್ಕೂ ಕಾರಣವುಂಟು. ಸಣ್ಣ ಎಳೆಯ ಬ್ರಿಟಿಷ್ ಬೋಲ್ಟುಗಳಿಗೆ ಒಂದು ಮಟ್ಟ ಚಿಕ್ಕದಾದ ತಲೆಯನ್ನು ಕೊಡುತ್ತಿದ್ದುದರಿಂದ ಕಾಲಂಗುಲದ ವಿಟ್‌ವರ್ತಿಗೂ 5/16 ಅಂಗುಲದ ಸಣ್ಣ ಎಳೆಯ ಬೋಲ್ಟಿಗೂ ಒಂದೇ ಬಾಯಿ ಸಾಕಾಗುತ್ತಿತ್ತು.

ಒಂದು ವಿಶೇಷ ನಿದರ್ಶನ

ಯುದ್ಧವೂ ವ್ಯಾಪಾರವೂ ಅಳತೆಗಳನ್ನು ಹೇಗೆ ಬೆರೆಸಬಲ್ಲವೆಂಬುದಕ್ಕೆ ಮಾರಿಸ್ ಎಂಜಿನ್ನು ಉತ್ತಮ ನಿದರ್ಶನ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಶಸ್ತ್ರಾಸ್ತ್ರ ಕಂಪೆನಿಯು ಜರ್ಮನರ ಮುನ್ನಡೆಗೆ ಅಂಜಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆಯೊಂದನ್ನು ತೆರೆಯಿತು. ಅದರ ಯಂತ್ರಗಳು ಮೆಟ್ರಿಕ್ ಎಳೆಯನ್ನು ಕೊರೆಯುವಂಥವು. ಯುದ್ಧಾನಂತರ ಅಲ್ಲಿ ಮಾರಿಸ್ ಕಾರುಗಳಿಗೆ ಎಂಜಿನ್ ತಯಾರಾಗತೊಡಗಿತು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡನು. ಯಂತ್ರಗಳನ್ನೆಲ್ಲ ಬದಲಾಯಿಸುವುದು ಅಪಾರ ವೆಚ್ಚದ ಮಾತು. ಆದರೆ ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದುದು ವಿಟ್‌ವರ್ತ್ ಸ್ಪ್ಯಾನರುಗಳು ಮಾತ್ರ. ಇದಕ್ಕೆ ಕಂಡುಕೊಂಡ ಪರಿಹಾರವೇನೆಂದರೆ, ಬೋಲ್ಟಿನ ಎಳೆಯು ಫ್ರೆಂಚ್ ಮೆಟ್ರಿಕ್, ತಲೆಯು ಇಂಗ್ಲಿಷ್ ವಿಟ್‌ವರ್ತ್! ಈ ಸಂಕರವು 1950ರ ದಶಕದ ನಡುಭಾಗದವರೆಗೂ ಕೆಲವು ಎಂಜಿನ್ನುಗಳಲ್ಲಿ ಉಳಿದುಬಂದಿತು. ತಲೆಯನ್ನು ನೋಡಿ ಎಳೆಯನ್ನು ಊಹಿಸುವುದು ಸಲ್ಲದೆಂಬ ಪಾಠವನ್ನು ದುರಸ್ತಿಗಾರರು ಇದರಿಂದ ಕಲಿತರು. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಏಕೀಕರಣದ ಯತ್ನಗಳು

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸೇನೆಗಳು ಪರಸ್ಪರರ ಯಂತ್ರಗಳನ್ನು ದುರಸ್ತಿಗೊಳಿಸಬೇಕಾಗಿ ಬಂದಾಗ 55 ಮತ್ತು 60 ಡಿಗ್ರಿಗಳ ಭೇದವು ಬಹು ದುಬಾರಿಯೆನಿಸಿತು. ಅದರ ಫಲವಾಗಿ 1948ರ ನವೆಂಬರ್ 18ರಂದು ಬ್ರಿಟನ್, ಅಮೆರಿಕ, ಕೆನಡಗಳು ಏಕೀಕೃತ ಎಳೆಯ ಒಪ್ಪಂದಕ್ಕೆ ಸಹಿ ಹಾಕಿದುವು. ಇತ್ತ ಯೂರೋಪು ಖಂಡದಲ್ಲಿ 1898ರ ಜ್ಯೂರಿಕ್ ಸಮ್ಮೇಳನದಿಂದಲೇ ಮೆಟ್ರಿಕ್ ಎಳೆಗೆ ಒಂದು ಸಾಮಾನ್ಯ ರೂಪ ಬಂದಿದ್ದಿತು. 1947ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಅದನ್ನು ಮುಂದುವರಿಸಿತು. ಭಾರತವು 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಬ್ರಿಟಿಷ್ ಸರ್ಕಾರವು ಆ ದಿಕ್ಕಿಗೆ ತಿರುಗುವ ನಿರ್ಧಾರವನ್ನು ಪ್ರಕಟಿಸಿದ್ದು 1965ರಲ್ಲಿ.

ಆದರೆ ಕಾಯಿದೆಯು ರಸ್ತೆಯ ಮೇಲಿನ ಗಾಡಿಗಳನ್ನು ಬದಲಿಸಲಾರದು. ಮಾರಿಸ್ ಟೆನ್ ಮಾದರಿಯನ್ನು ಆಧರಿಸಿದ ಹಿಂದೂಸ್ತಾನ್ 10, ಏಕೀಕೃತ ಎಳೆಯ ಬಿ.ಎಂ.ಸಿ. ಎಂಜಿನ್ನುಳ್ಳ ಅಂಬಾಸಡರ್ ಇವುಗಳ ಹಿಂದೆಯೇ 1983ರಲ್ಲಿ ಜಪಾನಿನ ಸುಜುಕಿಯ ಸಹಯೋಗದ ಮಾರುತಿ ಬಂದಿತು. 1990ರ ದಶಕದಲ್ಲಿ ಅಂಬಾಸಡರಿಗೇ ಜಪಾನಿನ ಇಸುಜು ಎಂಜಿನ್ನನ್ನು ಅಳವಡಿಸಿದಾಗ ಇಂಗ್ಲಿಷ್ ಮೂಲದ ಗಾಡಿಯೊಳಗೆ ಮೆಟ್ರಿಕ್ ಎಂಜಿನ್ನು ಕುಳಿತಂತಾಯಿತು. ಮೆಟ್ರಿಕ್ ಎಂಬುದೂ ಏಕರೂಪವಲ್ಲ. 8 ಮಿಲಿಮೀಟರು ವ್ಯಾಸದ ಬೋಲ್ಟಿಗೆ ಜರ್ಮನ್ ಪದ್ಧತಿಯಲ್ಲಿ 13ರ ತಲೆ, ಜಪಾನಿನ ಮೋಟಾರುಗಳಲ್ಲಿ ಸಾಮಾನ್ಯವಾಗಿ 12ರ ತಲೆ. 10 ಮಿಲಿಮೀಟರಿನ ಬೋಲ್ಟಿಗೆ ಹಳೆಯ ಜರ್ಮನ್ ಪದ್ಧತಿಯಲ್ಲಿ 17, ಅಂತರರಾಷ್ಟ್ರೀಯ ಮಾನಕದಲ್ಲಿ 16, ಜಪಾನೀ ರೂಢಿಯಲ್ಲಿ 14. ಬಿಡದಿಯಲ್ಲಿ ತಯಾರಾದ ಟೊಯೋಟ ಗಾಡಿಯನ್ನೂ ಜರ್ಮನ್ ಕಾರನ್ನೂ ಒಂದೇ ದಿನ ಮುಟ್ಟುವ ನಮ್ಮ ನಾಡಿನ ದುರಸ್ತಿಗಾರನು ಈ ಭೇದವನ್ನು ಪುಸ್ತಕದಿಂದಲ್ಲ, ಬೆರಳಿನಿಂದ ಬಲ್ಲನು.

ಸರಿಯಾದುದನ್ನು ಆರಿಸುವ ಬಗೆ

ಮೇಲ್ಕಂಡ ವಿವೇಚನೆಯಿಂದ ಕೆಲವು ವ್ಯಾವಹಾರಿಕ ನಿಯಮಗಳು ಫಲಿಸುತ್ತವೆ. ಮೊದಲನೆಯದಾಗಿ, ತಲೆಯ ಮೇಲಿನ ತುಕ್ಕನ್ನೂ ಬಣ್ಣವನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಮುಖಗಳ ಅಂತರವನ್ನು ವರ್ನಿಯರಿನಿಂದ ಅಳೆಯಬೇಕು. ಎರಡನೆಯದಾಗಿ, ಯಾವ ಅಳತೆಗಳು ಪರಸ್ಪರ ಬದಲಿಯಾಗಬಲ್ಲವೆಂಬುದನ್ನು ತಿಳಿದಿರಬೇಕು. 3/4 ಅಂಗುಲವೆಂದರೆ 19.05 ಮಿಲಿಮೀಟರು, ಆದ್ದರಿಂದ 19ರ ಬೋಲ್ಟಿಗೆ ಅದು ಸಲ್ಲುತ್ತದೆ. 5/16 ಅಂಗುಲಕ್ಕೂ 8 ಮಿಲಿಮೀಟರಿಗೂ ಇಂತಹುದೇ ಸಾಮೀಪ್ಯ. 1/2 ಅಂಗುಲದ ತಲೆಗೆ 13ರದು ಹೊಂದಿದಂತೆ ತೋರಿದರೂ ಬಿಗಿಯಾದ ಬೋಲ್ಟಿನಲ್ಲಿ ಮೋಸಮಾಡುತ್ತದೆ. ವಿಟ್‌ವರ್ತ್ ತಲೆಗೆ ವಿಟ್‌ವರ್ತ್ ಸ್ಪ್ಯಾನರನ್ನೇ ಹುಡುಕುವುದು ಉತ್ತಮ.

ಮೂರನೆಯದು ಉಪಕರಣದ ಆಕಾರಕ್ಕೆ ಸಂಬಂಧಿಸಿದುದು. ಬಾಯಿ ತೆರೆದ ಸ್ಪ್ಯಾನರು ಎರಡು ಮೂಲೆಗಳನ್ನು ಮಾತ್ರ ಒತ್ತುತ್ತದೆ; ಅದರ ದವಡೆಗಳೂ ಬಲಕ್ಕೆ ಬಾಗುತ್ತವೆ. ಸಾಕೆಟ್ಟು ಆರು ಮೂಲೆಗಳಿಗೂ ಬಲವನ್ನು ಹಂಚುತ್ತದೆ. ಬಿಡಿ ಸಾಕೆಟ್ಟುಗಳ ಪ್ರಚಾರದಲ್ಲಿ ಅಮೆರಿಕದ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡ್‌ಮನ್ 1920ರಲ್ಲಿ ಮಿಲ್ವಾಕಿಯಲ್ಲಿ ಸ್ಥಾಪಿಸಿದ ಸ್ನ್ಯಾಪ್-ಆನ್ ಕಂಪೆನಿಯ ಪಾತ್ರ ದೊಡ್ಡದು. ಐದು ಹಿಡಿಗಳು ಮತ್ತು ಹತ್ತು ಸಾಕೆಟ್ಟುಗಳಿಂದ ಐವತ್ತು ಸ್ಪ್ಯಾನರುಗಳ ಕೆಲಸವಾಗುವುದೆಂಬುದೇ ಆ ಕಲ್ಪನೆಯ ತಿರುಳು. ಸಾಕೆಟ್ಟುಗಳಲ್ಲಿಯೂ ಹನ್ನೆರಡು ಮೂಲೆಯದು ಇಕ್ಕಟ್ಟಿನಲ್ಲಿ ಸುಲಭವಾಗಿ ಕೂರುತ್ತದೆ. ಆದರೆ ತುಕ್ಕಿನಿಂದ ಸವೆದ ತಲೆಗೆ ಆರು ಮೂಲೆಯದೇ ಕ್ಷೇಮಕರ. ಕೆಲವು ಆಧುನಿಕ ಸಾಕೆಟ್ಟುಗಳ ಒಳಮೈಯನ್ನು ಮೂಲೆಯ ಬಳಿ ಸ್ವಲ್ಪ ಕೊರೆದು, ಒತ್ತಡವು ಮುಖದ ಮೇಲೆಯೇ ಬೀಳುವಂತೆ ರೂಪಿಸಿರುತ್ತಾರೆ. ಮೂಲೆ ಆಗಲೇ ಉರುಟಾಗಿದ್ದರೆ, ಮಿಲಿಮೀಟರಿನ ಭಾಗದಷ್ಟು ಚಿಕ್ಕದಾದ ಬೇರೆ ಪದ್ಧತಿಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದೂ ಉಂಟು. ಇಲ್ಲಿ ಮಾತ್ರ ಅಳತೆಗಳ ಅನೈಕ್ಯವು ಉಪಕಾರಿಯಾಗಿ ಪರಿಣಮಿಸುತ್ತದೆ!

ಕೊನೆಯದಾಗಿ, ಬಲಕ್ಕಿಂತ ಕಾಲ ಮೇಲು. ಎಳೆಗಳೊಳಕ್ಕೆ ಇಳಿಯುವ ತೆಳು ಎಣ್ಣೆಯನ್ನು ಹಾಕಿ ಕೆಲವು ಗಂಟೆ ಬಿಡುವುದು, ಬಿಚ್ಚುವ ಮುನ್ನ ಕೂದಲೆಳೆಯಷ್ಟು ಬಿಗಿಮಾಡಿ ತುಕ್ಕಿನ ಬಂಧವನ್ನು ಮುರಿಯುವುದು, ಎಣ್ಣೆಯಾಗಲಿ ಪೆಟ್ರೋಲಾಗಲಿ ಇಲ್ಲದ ಕಡೆ ನಟ್ಟನ್ನು ಕಾಯಿಸಿ ಹಿಗ್ಗಿಸುವುದು, ಹಿಡಿಯನ್ನು ದೂಡದೆ ತನ್ನೆಡೆಗೆ ಎಳೆಯುವುದು ಇವೆಲ್ಲವೂ ಅನುಭವಸಿದ್ಧ ಕ್ರಮಗಳು.

ಉಪಸಂಹಾರ

ಅಳತೆಗಳ ಏಕೀಕರಣವೆಂದರೆ ವಿಜ್ಞಾನದ ಸಹಜ ವಿಜಯವೆಂದು ಭಾವಿಸುವ ಪ್ರವೃತ್ತಿ ನಮ್ಮಲ್ಲಿದೆ. ಬೋಲ್ಟಿನ ಇತಿಹಾಸವು ಬೇರೆಯದನ್ನೇ ಹೇಳುತ್ತದೆ. ಪ್ರತಿಯೊಂದು ಅಳತೆಯೂ ಒಂದು ರಾಜಿ. ಪ್ರತಿಯೊಂದು ಒಪ್ಪಂದವೂ ಹಿಂದಿನದನ್ನು ಅಳಿಸದೆ ಅದರ ಮೇಲೆ ಮತ್ತೊಂದು ಪದರವಾಗಿ ಕೂರುತ್ತದೆ. ಈ ಪದರಗಳ ಭಾರವನ್ನು ಹೊತ್ತವನು ಸಮ್ಮೇಳನಕ್ಕೆ ಹೋದವನಲ್ಲ. ಮೂರು ದೇಶಗಳ ಉಪಕರಣಗಳನ್ನು ಕೊಂಡಿಟ್ಟುಕೊಳ್ಳಬೇಕಾದ ಸಣ್ಣ ಅಂಗಡಿಯ ಕೆಲಸಗಾರನು. ಅವನ ಜ್ಞಾನವು ಯಾವ ಕಡತದಲ್ಲಿಯೂ ದಾಖಲಾಗಿಲ್ಲ. ಹಳೆಯ ಗಾಡಿಗಳು ಮರೆಯಾದಂತೆ ವಿಟ್‌ವರ್ತ್ ಸ್ಪ್ಯಾನರುಗಳು ಗುಜರಿಯ ತಕ್ಕಡಿಯನ್ನು ಸೇರುತ್ತಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಹಳೆಯ ಗ್ಯಾರೇಜುಗಳಿಗೆ ಹೋಗಿ, ಅಲ್ಲಿನ ಉಪಕರಣಗಳ ಮೇಲಿನ ಕೆತ್ತನೆಗಳನ್ನು ಶಾಸನದ ಪ್ರತಿಯನ್ನು ತೆಗೆಯುವಷ್ಟೇ ಎಚ್ಚರಿಕೆಯಿಂದ ಬರೆದುಕೊಂಡು, ಅವುಗಳನ್ನು ಬಳಸಿದ ಹಿರಿಯರ ಮಾತುಗಳನ್ನೂ ಸಂಗ್ರಹಿಸಿದರೆ, ಈ ನಾಡಿನ ಕೈಗಾರಿಕಾ ಚರಿತ್ರೆಗೆ ಇದುವರೆಗೆ ದೊರೆಯದಿದ್ದ ಆಧಾರವೊಂದು ದೊರೆತಂತಾಗುತ್ತದೆ. ಆ ಕೆಲಸವು ಗುಜರಿಯವನು ಬರುವುದಕ್ಕೆ ಮುನ್ನವೇ ಆಗತಕ್ಕದ್ದು.